ಗ್ಯಾಸ್ ಮಾತ್ರೆಯೂ ಹೊಟ್ಟೆಯ ಹುಣ್ಣೂ



ಹೊಸೂರು ಬಸ್ ನಿಲ್ದಾಣದ ಸುತ್ತಮುತ್ತ ಇರುವ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಡಾಕ್ಟರ ಚೀಟಿ ಇಲ್ಲದೆ ಬರುವವರು ಮತ್ತೆ ಮತ್ತೆ ಕೇಳುವುದು ಎರಡು ಸಾಮಾನು: ಒಂದು ನೋವಿನ ಮಾತ್ರೆ, ಇನ್ನೊಂದು ಗ್ಯಾಸ್ ಮಾತ್ರೆ. ಡೆಂಕಣಿಕೋಟೆ, ಕೆಲಮಂಗಲ, ತಳಿ, ಬಾಗಲೂರು, ಶೂಲಗಿರಿ, ರಾಯಕೋಟೆ ಎಲ್ಲಿಗೆ ಹೋದರೂ ಇದೇ ಕಥೆ. ನಮ್ಮದು ಮೂರು ಭಾಷೆಯ ಸೀಮೆ. ಕನ್ನಡದವರು ಹೊಟ್ಟೆಹುಣ್ಣು ಎನ್ನುತ್ತಾರೆ, ತಮಿಳಿನವರು ವಯಿತ್ತುಪ್ಪುಣ್ಣು ಎನ್ನುತ್ತಾರೆ, ತೆಲುಗಿನವರು ಕಡುಪುಲೋ ಪುಂಡು ಎನ್ನುತ್ತಾರೆ. ಆದರೆ ಅಂಗಡಿಯ ಮುಂದೆ ನಿಂತಾಗ ಮೂವರ ಬಾಯಲ್ಲೂ ಬರುವುದು 'ಗ್ಯಾಸ್' ಎಂಬ ಒಂದೇ ಮಾತು.

ಈ ಗ್ಯಾಸ್ ಮಾತ್ರೆ ಎಂದು ನಾವು ಕರೆಯುವ ಔಷಧಿಯ ಕೆಲಸಕ್ಕೂ ಗ್ಯಾಸಿಗೂ ನೇರ ಸಂಬಂಧವಿಲ್ಲ. ಅದು ಜಠರದಲ್ಲಿ ಊರುವ ಆಮ್ಲವನ್ನು ತಗ್ಗಿಸುವ ಔಷಧಿ. ಹುಣ್ಣಿರುವವರಿಗೆ ಅದು ನಿಜವಾಗಿಯೂ ಪ್ರಾಣ ಉಳಿಸುವ ಔಷಧಿ, ಅದರಲ್ಲಿ ಸಂದೇಹ ಬೇಡ. ಆದರೆ ಹುಣ್ಣಿಗೆ ಕಾರಣವಾದದ್ದನ್ನು ಅದು ಮುಟ್ಟುವುದಿಲ್ಲ. ಉರಿ ಅಡಗಿತೆಂದು ಸುಮ್ಮನಾದವರ ಹೊಟ್ಟೆಯೊಳಗೆ ಕಾರಣ ಹಾಗೇ ಉಳಿದಿರುತ್ತದೆ. ಈ ತಿಂಗಳು ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ಓದಿ, ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಮನೆಮನೆಗೆ ಮುಟ್ಟಿಸುವುದಷ್ಟೇ ನಮ್ಮ ಕೆಲಸ.

ನಮ್ಮ ಜಠರ ದಿನಕ್ಕೆ ಹೆಚ್ಚುಕಡಿಮೆ ಎರಡು ಲೀಟರ್ ಜೀರ್ಣರಸವನ್ನು ಸುರಿಸುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಮಾಂಸವನ್ನೂ ಕರಗಿಸಬಲ್ಲ ಪೆಪ್ಸಿನ್ ಎಂಬ ವಸ್ತು. ನೀರಿನಲ್ಲೋ ಊಟದಲ್ಲೋ ಬಂದ ಎಷ್ಟೋ ರೋಗಾಣುಗಳನ್ನು ಈ ಆಮ್ಲವೇ ಬಾಗಿಲಲ್ಲಿ ಕೊಂದುಹಾಕುತ್ತದೆ. ಆದ್ದರಿಂದ ಆಮ್ಲ ನಮ್ಮ ವೈರಿಯಲ್ಲ. ಹಾಗಾದರೆ ಮಾಂಸ ಕರಗಿಸುವ ರಸ ಜಠರವನ್ನೇ ಏಕೆ ಕರಗಿಸುವುದಿಲ್ಲ? ಜಠರದ ಒಳಗೋಡೆಯ ಮೇಲೆ ಲೋಳೆಯ ಒಂದು ಪದರವಿದೆ. ಹೊಸದಾಗಿ ಸಾರಿಸಿದ ನೆಲದ ಹಾಗೆ ಅದು ಸದಾ ಹಸಿಯಾಗಿ, ಸದಾ ಹೊಸತಾಗಿ ಇರುತ್ತದೆ. ಈ ಪದರ ಎಲ್ಲಿ ಹಾಳಾಯಿತೋ ಅಲ್ಲಿ ಆಮ್ಲ ಗೋಡೆಯನ್ನು ಕೊರೆಯುತ್ತದೆ. ಅದೇ ಹುಣ್ಣು. ಅದು ಜಠರದಲ್ಲೇ ಆಗಬಹುದು, ಜಠರ ದಾಟಿದ ಕೂಡಲೇ ಸಿಗುವ ಸಣ್ಣಕರುಳಿನ ಮೊದಲ ಗೇಣಿನಲ್ಲೂ ಆಗಬಹುದು. ದಕ್ಷಿಣ ಭಾರತದಲ್ಲಿ ಹಿಂದಿನಿಂದಲೂ ಹೆಚ್ಚಾಗಿ ಕಂಡದ್ದು ಈ ಎರಡನೆಯ ಬಗೆ.

ಸಣ್ಣಕರುಳಿನ ಹುಣ್ಣಿಗೆ ಒಂದು ಗುಣವಿದೆ. ಹೊಟ್ಟೆ ಖಾಲಿಯಾದಾಗ, ನಡುರಾತ್ರಿ ಕಳೆದು ಒಂದೆರಡು ಗಂಟೆಯ ಹೊತ್ತಿಗೆ ನೋವು ಎಬ್ಬಿಸುತ್ತದೆ. ಏನಾದರೂ ತಿಂದರೆ ಇಳಿಯುತ್ತದೆ. ಇದನ್ನು ಕಂಡ ಜನ 'ಹೊತ್ತಿಗೆ ಸರಿಯಾಗಿ ತಿನ್ನದ್ದಕ್ಕೆ ಅಲ್ಸರ್ ಬಂತು' ಎಂದು ತೀರ್ಮಾನಿಸಿದರು. ಸಿಪ್ಕಾಟ್ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಹುಡುಗರೂ ಇದನ್ನೇ ಹೇಳುತ್ತಾರೆ. ಹಸಿದಾಗ ನೋವು ಬರುವುದು ಹುಣ್ಣಿನ ಲಕ್ಷಣ. ಹಸಿವೇ ಹುಣ್ಣನ್ನು ಮಾಡಿತು ಎಂದಲ್ಲ.

ಇನ್ನು ಔಷಧಿಗಳ ವಿಷಯ. ರೈತರಿಗೆ ತಿಳಿಯುವ ಹಾಗೆ ಹೇಳಬೇಕಾದರೆ ಹೀಗೆ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕುತ್ತೇವಲ್ಲವೇ? ಜೆಲ್ಯುಸಿಲ್, ಡೈಜೀನ್ ಮೊದಲಾದ ದ್ರವಗಳೂ ಅಗಿಯುವ ಮಾತ್ರೆಗಳೂ ಮಾಡುವುದು ಅದನ್ನೇ. ಅವುಗಳಲ್ಲಿ ಅಲ್ಯುಮಿನಿಯಂ, ಮೆಗ್ನೀಷಿಯಂ ಮುಂತಾದವುಗಳ ಲವಣಗಳಿರುತ್ತವೆ. ಈಗಾಗಲೇ ಊರಿರುವ ಆಮ್ಲವನ್ನು ಅವು ಸಪ್ಪೆ ಮಾಡುತ್ತವೆ. ಐದು ನಿಮಿಷದಲ್ಲಿ ಹಾಯೆನಿಸುತ್ತದೆ, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಸೋಡಾ, ಈನೋ ಇವೂ ಇದೇ ಜಾತಿಯವು. ಅವುಗಳಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡದವರು ದಿನಾ ಕುಡಿಯಬಾರದು. ಇನ್ನೊಂದು ಮಾತು: ಕಬ್ಬಿಣದ ಮಾತ್ರೆ ತಿನ್ನುವ ಬಸುರಿಯರು, ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಸಿನ್ ಮುಂತಾದವನ್ನು ತೆಗೆದುಕೊಳ್ಳುತ್ತಿರುವವರು ಈ ದ್ರವವನ್ನು ಜೊತೆಯಲ್ಲೇ ಕುಡಿದರೆ ಆ ಔಷಧಿ ಮೈಗೆ ಹತ್ತುವುದಿಲ್ಲ. ನಡುವೆ ಎರಡು ಗಂಟೆಯಾದರೂ ಬಿಡಬೇಕು.

ಉಳಿದ ಎರಡು ಬಗೆಯ ಔಷಧಿಗಳು ಆಮ್ಲ ಊರುವುದನ್ನೇ ತಡೆಯುತ್ತವೆ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಕ್ಕೆ ಎತ್ತಿ ಹಾಕುವ ಅತಿ ಸೂಕ್ಷ್ಮವಾದ ಪಂಪುಗಳಿವೆ. ವಿಜ್ಞಾನಿಗಳೂ ಅದನ್ನು ಪಂಪ್ ಎಂದೇ ಕರೆದಿದ್ದಾರೆ. ಒಂದು ಮೋಟಾರಿಗೆ ಮೂರು ಸ್ವಿಚ್ಚುಗಳಿವೆ ಎಂದುಕೊಳ್ಳಿ. ಒಂದು ನರದಿಂದ ಒತ್ತುವುದು, ಒಂದು ಗ್ಯಾಸ್ಟ್ರಿನ್ ಎಂಬ ರಸದಿಂದ, ಇನ್ನೊಂದು ಹಿಸ್ಟಮಿನ್ ಎಂಬ ವಸ್ತುವಿನಿಂದ. ಈ ಮೂರನೆಯ ಸ್ವಿಚ್ಚನ್ನು ಆರಿಸುವ ಔಷಧಿಗಾಗಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ವರ್ಷಾನುಗಟ್ಟಲೆ ದುಡಿದರು. 1976ರಲ್ಲಿ ಇಂಗ್ಲೆಂಡಿನ ಅಂಗಡಿಗಳಿಗೆ ಬಂದ ಸಿಮೆಟಿಡಿನ್ ಆ ದುಡಿಮೆಯ ಫಲ. 1988ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅದರ ಹಿಂದೆಯೇ ರಾನಿಟಿಡಿನ್ ಬಂತು. ಜಿನೆಟಾಕ್, ರಾಂಟಾಕ್, ಅಸಿಲಾಕ್ ಎಂಬ ಹೆಸರುಗಳಲ್ಲಿ ಅದು ನಮ್ಮ ಹಳ್ಳಿಗಳಿಗೂ ತಲಪಿ ಬಿಪಿ ಮಾತ್ರೆಗಿಂತ ಮೊದಲೇ ಮನೆಮಾತಾಯಿತು.

ಎರಡನೆಯ ಬಗೆಯವು ಸ್ವಿಚ್ಚಿನ ಗೊಡವೆಗೇ ಹೋಗುವುದಿಲ್ಲ, ಮೋಟಾರನ್ನೇ ಕಟ್ಟಿಹಾಕುತ್ತವೆ. ಒಮೆಪ್ರಜಾಲ್ 1988ರಲ್ಲಿ ಸ್ವೀಡನ್ನಿನಿಂದ ಹೊರಬಂತು. ಪ್ಯಾಂಟೊಪ್ರಜಾಲ್, ರಾಬೆಪ್ರಜಾಲ್, ಎಸೊಮೆಪ್ರಜಾಲ್ ಎಲ್ಲ ಅದರ ತಮ್ಮಂದಿರು. ಆಮ್ಲ ತಗ್ಗಿಸುವುದರಲ್ಲಿ ಇವು ರಾನಿಟಿಡಿನ್ನಿಗಿಂತ ಬಹಳ ಬಲವಾದವು. ಸಣ್ಣಕರುಳಿನ ಹುಣ್ಣು ಸಾಮಾನ್ಯವಾಗಿ ನಾಲ್ಕು ವಾರದಲ್ಲಿ, ಜಠರದ ಹುಣ್ಣು ಎಂಟು ವಾರದಲ್ಲಿ ಮಾಯುತ್ತದೆ. ಆದರೆ ತಿನ್ನುವ ರೀತಿ ತಿಳಿದಿರಬೇಕು. ಈ ಔಷಧಿ ಕಟ್ಟುವುದು ಓಡುತ್ತಿರುವ ಮೋಟಾರನ್ನು ಮಾತ್ರ. ಮೋಟಾರು ಓಡುವುದು ಊಟ ಮಾಡಿದಾಗ. ಆದ್ದರಿಂದ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಹೆಚ್ಚಾಗಿ ಬೆಳಗಿನ ತಿಂಡಿಗೆ ಮೊದಲು ನುಂಗಬೇಕು. ಹಬ್ಬದ ಮನೆಯಲ್ಲಿ ಬಿರಿಯಾನಿ ಉಂಡು, ಎದೆ ಉರಿದ ಮೇಲೆ ಒಂದು ಮಾತ್ರೆ ನುಂಗಿದರೆ ಆ ಹೊತ್ತಿನ ಉರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಪೂರ್ಣ ಬಲ ಬರಲು ಮೂರು ನಾಲ್ಕು ದಿನ ಬೇಕು. ಮಾತ್ರೆಯನ್ನು ಪುಡಿ ಮಾಡಬಾರದು, ಕ್ಯಾಪ್ಸೂಲಿನೊಳಗಿನ ಕಾಳುಗಳನ್ನು ಅಗಿಯಬಾರದು. ಆ ಕಾಳುಗಳಿಗೆ ಆಮ್ಲ ತಾಗದಂತೆ ಹೊದಿಕೆ ಕೊಟ್ಟಿರುತ್ತಾರೆ.

ಈ ಮಾತ್ರೆಗಳು ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಹೊಟ್ಟೆ ಕೊಯ್ಯುತ್ತಿದ್ದರು. ನಿಮ್ಮ ಮನೆಯ ಅಜ್ಜಂದಿರ ಹೊಟ್ಟೆಯ ನಡುವೆ ಮೇಲಿನಿಂದ ಕೆಳಕ್ಕೆ ಉದ್ದನೆಯ ಹೊಲಿಗೆಯ ಗುರುತನ್ನು ಕೆಲವರು ನೋಡಿರಬಹುದು. ಆಮ್ಲ ಊರಿಸುವ ನರವನ್ನು ಕತ್ತರಿಸಿ, ಜಠರಕ್ಕೂ ಸಣ್ಣಕರುಳಿಗೂ ಬೇರೊಂದು ದಾರಿ ಹೊಲಿದು ಕೊಡುವ ಶಸ್ತ್ರಚಿಕಿತ್ಸೆ ಅದು. ಹುಣ್ಣು ಮಾಯಿಸಿದ ಮೇಲೂ ಕೆಲವರಿಗೆ ಉಂಡ ಕೂಡಲೇ ತಲೆಸುತ್ತು, ಬೇಧಿ ಉಳಿದುಬಿಡುತ್ತಿತ್ತು.

ಆ ಕಾಲದ ಒಬ್ಬರನ್ನು ಇಲ್ಲಿ ನೆನೆಯಬೇಕು. ಡಾ. ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು 1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಮೈಸೂರಿನವರು ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. ಕರುಳಹುಣ್ಣಿನ ರೋಗಿಗಳ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಅವರಿಗೆ ಒಂದು ಪ್ರಶ್ನೆ ಹತ್ತಿತು: ದಕ್ಷಿಣದಲ್ಲಿ ಇಷ್ಟು ಹುಣ್ಣು, ಉತ್ತರದಲ್ಲಿ ಏಕೆ ಇಲ್ಲ? ದೇಶದ ಬೇರೆ ಬೇರೆ ಕಡೆಯ ಮಾಹಿತಿ ಕಲೆಹಾಕಿ 1979ರಲ್ಲಿ 'ಗಟ್' ಎಂಬ ಇಂಗ್ಲಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅನ್ನವೇ ಮುಖ್ಯ ಆಹಾರವಾದ ದಕ್ಷಿಣ ಮತ್ತು ಪೂರ್ವದ ಪ್ರದೇಶಗಳಲ್ಲಿ ಕರುಳಹುಣ್ಣು ಹೆಚ್ಚು, ತವುಡು ತೆಗೆಯದ ಗೋಧಿ ತಿನ್ನುವ ಪಂಜಾಬಿನಂತಹ ಕಡೆ ಕಡಿಮೆ ಎಂದು ಅದರಿಂದ ತಿಳಿಯಿತು. ಅವರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಊಟದ ಮಾತು ಬಂದಾಗ ಅದಕ್ಕೆ ಮತ್ತೆ ಬರುತ್ತೇವೆ.

ಸಿಮೆಟಿಡಿನ್, ರಾನಿಟಿಡಿನ್ ಬಂದ ಮೇಲೆ ಕತ್ತಿಯ ಕೆಲಸ ಕಡಿಮೆಯಾಯಿತು. ಹುಣ್ಣು ಮಾಯತೊಡಗಿತು. ಆದರೆ ಮಾತ್ರೆ ನಿಲ್ಲಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೆರಡು ವರ್ಷದಲ್ಲಿ ಹುಣ್ಣು ಮರಳಿತು. ಆಮ್ಲವಿಲ್ಲದೆ ಹುಣ್ಣಿಲ್ಲ ಎಂಬ ಮಾತನ್ನು ವೈದ್ಯರು 1910ರಿಂದ ನಂಬಿಕೊಂಡು ಬಂದಿದ್ದರು. ಆದ್ದರಿಂದ ಜೀವನಪೂರ್ತಿ ರಾತ್ರಿಗೊಂದು ಮಾತ್ರೆ ನುಂಗುತ್ತಿರಿ ಎಂದರು. ಕಳೆಯ ತಲೆ ಸವರಿ ಬೇರು ಬಿಟ್ಟ ಹಾಗೆ. ಆ ಬೇರು ಯಾವುದು ಎಂಬುದು ಗೊತ್ತಾದದ್ದು ಪಾಸ್ಕ ಹಬ್ಬದ ರಜೆಯಿಂದ!

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ವೈದ್ಯರು ರೋಗಿಗಳ ಜಠರದ ತುಣುಕುಗಳಲ್ಲಿ ಸುರುಳಿಯಂತಹ ರೋಗಾಣುಗಳನ್ನು ಕಂಡಿದ್ದರು. ಅಷ್ಟು ಆಮ್ಲದಲ್ಲಿ ಯಾವ ಜೀವಿಯೂ ಬದುಕದೆಂದು ಯಾರೂ ಅವರ ಮಾತಿಗೆ ಬೆಲೆ ಕೊಡಲಿಲ್ಲ. ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯ ಅವರ ಜೊತೆ ಸೇರಿ ಆ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಹೊರಟರು. ಮೂವತ್ತಕ್ಕೂ ಹೆಚ್ಚು ರೋಗಿಗಳ ಮಾದರಿಯಲ್ಲಿ ಏನೂ ಬೆಳೆಯಲಿಲ್ಲ. ಎರಡು ದಿನದಲ್ಲಿ ಬೆಳೆಯದಿದ್ದರೆ ತಟ್ಟೆಯನ್ನು ಎಸೆಯುವುದು ಅಲ್ಲಿನ ವಾಡಿಕೆ. 1982ರ ಪಾಸ್ಕದ ರಜೆಯಲ್ಲಿ ಎಸೆಯುವವರಿಲ್ಲದೆ ತಟ್ಟೆಗಳು ನಾಲ್ಕೈದು ದಿನ ಹಾಗೇ ಉಳಿದವು. ರಜೆ ಮುಗಿದು ಬಂದು ನೋಡಿದರೆ ರೋಗಾಣು ಬೆಳೆದು ನಿಂತಿತ್ತು. ನಿಧಾನವಾಗಿ ಬೆಳೆಯುವ ಜೀವಿಗೆ ಬೇಕಾಗಿದ್ದದ್ದು ಸಮಯ, ಅಷ್ಟೆ. ಆಗಲೂ ಜಗತ್ತು ಒಪ್ಪದಿದ್ದಾಗ 1984ರಲ್ಲಿ ಮಾರ್ಷಲ್ ಆ ರೋಗಾಣುವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಜಠರ ಊದಿಕೊಂಡದ್ದು ಪರೀಕ್ಷೆಯಲ್ಲಿ ಕಂಡಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಆ ರೋಗಾಣುವಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ವೈದ್ಯರು ಚಿಕ್ಕದಾಗಿ ಎಚ್. ಪೈಲೋರಿ ಎನ್ನುತ್ತಾರೆ.

ನಮ್ಮ ದೇಶದಲ್ಲಿ ದೊಡ್ಡವರಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಈ ರೋಗಾಣು ಇದೆ. ಗಾಬರಿಯಾಗಬೇಡಿ. ಬಹುಪಾಲು ಜನರಿಗೆ ಅದರಿಂದ ಹುಣ್ಣಾಗುವುದಿಲ್ಲ, ಆದ್ದರಿಂದ ಊರಿಗೆ ಊರೇ ಪರೀಕ್ಷೆ ಮಾಡಿಸಬೇಕಾಗಿಲ್ಲ. ಹೆಚ್ಚಾಗಿ ಇದು ಅಂಟುವುದು ಬಾಲ್ಯದಲ್ಲಿ, ಮನೆಯೊಳಗೆ, ಬಾಯಿಯಿಂದ ಮತ್ತು ಕೊಳಕಾದ ಕೈ ನೀರುಗಳಿಂದ. ಕೂಸಿಗೆ ಅಗಿದು ತಿನ್ನಿಸುವ ಹಳೆಯ ಪದ್ಧತಿ ನಮ್ಮ ಕಡೆ ಇನ್ನೂ ಕೆಲವು ಮನೆಗಳಲ್ಲಿದೆ. ಪ್ರೀತಿ ಸರಿ, ಆದರೆ ಅದನ್ನು ಬಿಡುವುದು ಒಳ್ಳೆಯದು.

ಹುಣ್ಣು ಇದ್ದು ಈ ರೋಗಾಣುವೂ ಇದ್ದರೆ ಮಾತ್ರ ಚಿಕಿತ್ಸೆಯ ದಾರಿ ಬೇರೆ. ಆಮ್ಲ ತಗ್ಗಿಸುವ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ, ಅದರ ಜೊತೆಗೆ ರೋಗಾಣು ಕೊಲ್ಲುವ ಎರಡು ಔಷಧಿಗಳನ್ನು, ಕೆಲವೊಮ್ಮೆ ಬಿಸ್ಮತ್ ಎಂಬುದನ್ನೂ ಸೇರಿಸಿ ಸಾಮಾನ್ಯವಾಗಿ ಹದಿನಾಲ್ಕು ದಿನ ಕೊಡುತ್ತಾರೆ. ಇಲ್ಲಿ ಆಮ್ಲದ ಮಾತ್ರೆಗೆ ಎರಡು ಕೆಲಸ: ಹುಣ್ಣು ಮಾಯಲು ಬಿಡುವು ಕೊಡುವುದು ಒಂದು, ಜೊತೆಯ ಔಷಧಿಗಳು ಆಮ್ಲದಲ್ಲಿ ಹಾಳಾಗದಂತೆ ಕಾಯುವುದು ಇನ್ನೊಂದು. ಹೀಗೆ ರೋಗಾಣು ನಾಶವಾದವರಲ್ಲಿ ಹುಣ್ಣು ಮರಳಿ ಬರುವುದು ಬಹಳ ಕಡಿಮೆ. ವರ್ಷಾನುಗಟ್ಟಲೆ ನುಂಗಿದ ಮಾತ್ರೆಯಿಂದ ಆಗದ್ದು ಎರಡು ವಾರದಲ್ಲಿ ಆಗುತ್ತದೆ.

ಆಗುತ್ತದೆ, ಪೂರ್ತಿ ತಿಂದರೆ. ನಾವು ಕಂಡಂತೆ ನಮ್ಮವರು ಎಡವುವುದು ಇಲ್ಲೇ. ದಿನಕ್ಕೆ ಆರೇಳು ಮಾತ್ರೆ, ಬಾಯೆಲ್ಲ ಕಹಿ, ಹೊಟ್ಟೆ ತೊಳೆಸುತ್ತದೆ. ಐದನೆಯ ದಿನಕ್ಕೆ ಉರಿ ಹೋಯಿತು, ಸಾಕು ಎಂದು ಉಳಿದದ್ದನ್ನು ಗೂಡಿನಲ್ಲಿಟ್ಟು ಮುಂದಿನ ಸಲ ಯಾರಿಗಾದರೂ ಜ್ವರ ಬಂದಾಗ ಕೊಡುತ್ತಾರೆ. ಅರ್ಧ ಸತ್ತ ರೋಗಾಣು ಔಷಧಿಗೆ ಒಗ್ಗಿಕೊಳ್ಳುತ್ತದೆ. ಒಂದೇ ಕೀಟನಾಶಕವನ್ನು ಅಳತೆ ತಪ್ಪಿಸಿ ಹೊಡೆದರೆ ಹುಳು ಜಗ್ಗದೆ ನಿಲ್ಲುವುದನ್ನು ಟೊಮ್ಯಾಟೊ ಬೆಳೆಯುವ ನಮ್ಮವರಿಗೆ ಹೇಳಿಕೊಡಬೇಕೇ? ಭಾರತದಲ್ಲಿ ಈಗಾಗಲೇ ಮೆಟ್ರೊನಿಡಜೋಲ್, ಕ್ಲಾರಿತ್ರೋಮೈಸಿನ್ ಎರಡಕ್ಕೂ ಬಗ್ಗದ ಎಚ್. ಪೈಲೋರಿ ಬಹಳವಾಗಿದೆ. ಮೆಟ್ರೊನಿಡಜೋಲ್ ಇರುವಷ್ಟು ದಿನ ಹೆಂಡ ಮುಟ್ಟಬಾರದು. ಪೆನಿಸಿಲಿನ್ ಒಗ್ಗದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಬೀಡಿ ಸೇದುವವರ ಹುಣ್ಣು ನಿಧಾನವಾಗಿ ಮಾಯುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ರೋಗಾಣುವಷ್ಟೇ ದೊಡ್ಡದಾದ ಇನ್ನೊಂದು ಕಾರಣ ನಾವು ಮೊದಲೇ ಹೇಳಿದ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮತ್ತು ಇವುಗಳನ್ನು ಬೆರೆಸಿದ ಎಷ್ಟೋ ಮಾತ್ರೆಗಳು. ಜಠರದ ಲೋಳೆಯ ಪದರವನ್ನು ಹೊಸತಾಗಿ ಇಡುವ ಒಂದು ವಸ್ತು ನಮ್ಮ ಮೈಯಲ್ಲಿ ಹುಟ್ಟುತ್ತದೆ. ನೋವಿನ ಮಾತ್ರೆ ನೋವಿನ ಜೊತೆ ಆ ವಸ್ತುವನ್ನೂ ನಿಲ್ಲಿಸುತ್ತದೆ. ಇದು ರಕ್ತದ ಮೂಲಕ ನಡೆಯುವ ಕೆಲಸ. ಆದ್ದರಿಂದ 'ಸೂಜಿ ಹಾಕಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ' ಎಂಬ ಮಾತು ಸುಳ್ಳು. ಸೊಂಟಕ್ಕೆ ಹಾಕಿದ ಸೂಜಿಯಿಂದಲೂ ಹೊಟ್ಟೆಯಲ್ಲಿ ಹುಣ್ಣಾಗಬಹುದು.

ರಾಯಕೋಟೆ ಕಡೆಯ ಒಬ್ಬ ಟೊಮ್ಯಾಟೊ ಬೆಳೆಗಾರರು, ಅರವತ್ತರ ಹತ್ತಿರದವರು, ಮಂಡಿನೋವಿಗೆ ಅಂಗಡಿಯಿಂದಲೇ ಮಾತ್ರೆ ತಂದು ತಿನ್ನುತ್ತಿದ್ದರು. ಬುಟ್ಟಿ ಹೊರುವ ದಿನಗಳಲ್ಲಿ ಎರಡು, ಕೆಲವು ದಿನ ಮೂರು. ಹೊಟ್ಟೆ ಉರಿದಾಗ ಗ್ಯಾಸ್ ಮಾತ್ರೆ. ಒಂದು ವಾರ ಮಲ ಕಪ್ಪಗೆ, ಅಂಟಂಟಾಗಿ ಹೋಯಿತು. ಅವರ ಹೆಂಡತಿ ಆಸ್ಪತ್ರೆಗೆ ಹೋಗೋಣವೆಂದರೆ, 'ರಾಗಿಮುದ್ದೆ ತಿನ್ನೋರಿಗೆ ಅದೆಲ್ಲ ಸಹಜ ಕಣೇ, ಸುಮ್ನಿರು' ಎಂದರಂತೆ. ಒಂದು ಬೆಳಗ್ಗೆ ತೋಟದ ಬದುವಿನ ಮೇಲೆ ಕಣ್ಣು ಕತ್ತಲೆಗಟ್ಟಿ ಬಿದ್ದರು. ಬೆಂಗಳೂರಿಗೆ ಸಾಗಿಸಿ ಮೂರು ಬಾಟಲಿ ರಕ್ತ ಕೊಟ್ಟು ಉಳಿಸಿಕೊಂಡರು. ನಾವು ನೋಡಲು ಹೋದಾಗ ಅವರು ಹೇಳಿದ್ದು: 'ಫಾದರ್, ನೋವೇ ಇರಲಿಲ್ಲ. ನೋವಿದ್ದಿದ್ದರೆ ಹೋಗ್ತಿದ್ದೆ.' ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನೋವಿನ ಮಾತ್ರೆ ಹುಣ್ಣಿನ ನೋವನ್ನೂ ಮುಚ್ಚಿತ್ತು, ಆಗಾಗ ನುಂಗಿದ ಗ್ಯಾಸ್ ಮಾತ್ರೆ ಉರಿಯನ್ನು ಮುಚ್ಚಿತ್ತು. ಒಳಗೆ ರಕ್ತ ಸೋರುತ್ತಲೇ ಇತ್ತು.

ರಾಗಿ ತಿಂದವರ ಮಲ ತುಸು ಕಂದಾಗುವುದು ನಿಜ. ಕಬ್ಬಿಣದ ಮಾತ್ರೆ, ಬಿಸ್ಮತ್ ತಿಂದವರದ್ದು ಕಪ್ಪಾಗುವುದೂ ನಿಜ. ಆದರೆ ರಕ್ತ ಬೆರೆತ ಮಲ ರಸ್ತೆಗೆ ಹಾಕುವ ಡಾಂಬರಿನ ಹಾಗೆ ಹೊಳೆಯುತ್ತದೆ, ಅಂಟುತ್ತದೆ, ಅದರ ಕೆಟ್ಟ ವಾಸನೆಯೇ ಬೇರೆ. ಅದನ್ನು ಕಂಡರೆ ಒಂದು ದಿನವೂ ಕಾಯಬಾರದು. ರಕ್ತವನ್ನೋ ಕಾಫಿಪುಡಿಯಂತಹದ್ದನ್ನೋ ವಾಂತಿ ಮಾಡಿದರೆ, ಹೊಟ್ಟೆ ಒಮ್ಮೆಲೇ ಹಲಗೆಯಂತೆ ಬಿಗಿದು ತಡೆಯಲಾರದ ನೋವು ಬಂದರೆ 108ಕ್ಕೆ ಫೋನ್ ಮಾಡಿ. ನಿನ್ನೆ ಉಂಡದ್ದು ಇಂದು ವಾಂತಿಯಾಗುವುದು, ಮೈ ಇಳಿಯುವುದು, ನುಂಗಲು ಕಷ್ಟವಾಗುವುದು, ರಕ್ತ ಕಡಿಮೆಯಾಗುವುದು, ಐವತ್ತರ ಆಚೆಗೆ ಹೊಸದಾಗಿ ಹೊಟ್ಟೆಯುರಿ ಶುರುವಾಗುವುದು ಇವೆಲ್ಲಕ್ಕೂ ಎಂಡೋಸ್ಕೋಪಿ ಬೇಕು, ಅಂದರೆ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ. ಏಕೆಂದರೆ ಜಠರದ ಕ್ಯಾನ್ಸರಿನ ಉರಿಯೂ ಈ ಮಾತ್ರೆಯಿಂದ ಕೆಲಕಾಲ ತಗ್ಗುತ್ತದೆ, ರೋಗ ತಗ್ಗುವುದಿಲ್ಲ.

ಇದಕ್ಕಿಂತ ಅವಸರದ್ದು ಇನ್ನೊಂದಿದೆ. ಎದೆ ಹಿಂಡಿದ ಹಾಗಾಗಿ, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಹರಿದರೆ ಅದು ಗ್ಯಾಸ್ ಅಲ್ಲ, ಹೃದಯ. ಸೋಡಾ ಕುಡಿಸಿ, ಗ್ಯಾಸ್ ಮಾತ್ರೆ ಕೊಟ್ಟು, ಬೆನ್ನು ನೀವಿ ಬೆಳಗಿನ ತನಕ ಕಾದ ಮನೆಗಳಲ್ಲಿ ನಾವು ಮರಣದ ಪ್ರಾರ್ಥನೆ ಹೇಳಿದ್ದೇವೆ. ಸಕ್ಕರೆ ಕಾಯಿಲೆಯವರಿಗೆ ಎದೆನೋವು ಕೂಡ ಇರದೆ ಬರೀ ಉಬ್ಬಸ, ಸಂಕಟ ಇರಬಹುದು.

ಹಾಗೆಂದು ಹೃದಯಕ್ಕಾಗಿ ಡಾಕ್ಟರು ಬರೆದುಕೊಟ್ಟ ಆಸ್ಪಿರಿನ್ನನ್ನು ಈ ಬರಹ ಓದಿ ಯಾರೂ ನಿಲ್ಲಿಸಬೇಡಿ! ನೋವಿನ ಮಾತ್ರೆ ಬಿಡಲಾಗದ ಸಂಧಿವಾತದವರೂ ಇದ್ದಾರೆ. ಅಂಥವರಿಗೆ ವಯಸ್ಸು ನೋಡಿ ವೈದ್ಯರೇ ಒಮೆಪ್ರಜಾಲ್ ಅಥವಾ ಪ್ಯಾಂಟೊಪ್ರಜಾಲ್ ಜೊತೆಗೆ ಬರೆಯುತ್ತಾರೆ, ಅದು ಸರಿಯಾದ ಬಳಕೆ. ಸಾಮಾನ್ಯ ಮೈಕೈ ನೋವಿಗೆ ಹೊಟ್ಟೆಯ ಮಟ್ಟಿಗೆ ಪ್ಯಾರಾಸಿಟಮಾಲ್ ವಾಸಿ, ಅದೂ ಅಳತೆ ಮೀರದೆ.

ಊಟದ ವಿಷಯ ಎಲ್ಲರೂ ಕೇಳುತ್ತಾರೆ. ಖಾರದಿಂದ ಹುಣ್ಣಾಗುವುದಿಲ್ಲ. ಆದ ಹುಣ್ಣಿಗೆ ಖಾರ ತಾಗಿದರೆ ಉರಿಯಬಹುದು, ಉರಿದರೆ ಬಿಡಿ. ಹಾಲು ಕುಡಿದರೆ ಹುಣ್ಣು ಮಾಯುತ್ತದೆಂದು ಅಮೆರಿಕದಲ್ಲೂ ಒಂದು ಕಾಲಕ್ಕೆ ಗಂಟೆಗೊಮ್ಮೆ ಹಾಲು ಕೆನೆ ಕುಡಿಸುತ್ತಿದ್ದರು. ಹಾಲು ಕುಡಿದಾಗ ತಂಪೆನಿಸುವುದು ಸ್ವಲ್ಪ ಹೊತ್ತು. ಆಮೇಲೆ ಅದೇ ಹಾಲು ಇನ್ನಷ್ಟು ಆಮ್ಲ ಊರಿಸುತ್ತದೆ. ಹಾಲು ಆಹಾರವಾಗಿ ಕುಡಿಯಿರಿ, ಔಷಧಿಯಾಗಿ ಬೇಡ. ತಪಸ್ಸುಕಾಲದ ಉಪವಾಸದ ಬಗ್ಗೆ ಹೇಳುವುದಾದರೆ, ಕಾಯಿಲೆಯವರಿಗೆ ಧರ್ಮಸಭೆ ಉಪವಾಸದ ಕಟ್ಟಳೆ ಹಾಕಿಲ್ಲ. ಹುಣ್ಣಿನ ಚಿಕಿತ್ಸೆಯಲ್ಲಿರುವವರು ಹೊತ್ತಿಗೆ ಉಂಡು ಮಾತ್ರೆ ತಿನ್ನಲಿ.

ಡಾ. ಟೋವಿಯವರ ಇನ್ನೊಂದು ಕೆಲಸ ಇಲ್ಲಿ ಹೇಳಬೇಕು, ನಮ್ಮ ಹೊಲದ ವಿಷಯ ಅದು. ಅವರು ಲಂಡನ್ನಿನಲ್ಲಿ ಎ. ಪಿ. ಜಯರಾಜ್ ಮುಂತಾದವರ ಜೊತೆಗೂಡಿ, ಹುಣ್ಣು ಕಡಿಮೆಯಿರುವ ಪ್ರದೇಶಗಳ ಆಹಾರಗಳನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ಹುಣ್ಣಾಗದಂತೆ ಎಲ್ಲಕ್ಕಿಂತ ಹೆಚ್ಚು ಕಾಯ್ದದ್ದು ಹುರುಳಿ ಎಂದು 1980ರಲ್ಲಿ ಪ್ರಕಟಿಸಿದರು. ನಮ್ಮ ತಳಿ, ಡೆಂಕಣಿಕೋಟೆ ಕಡೆ ರಾಗಿಯ ಜೊತೆ ಬೆಳೆಯುವ, ಎತ್ತಿಗೂ ಹಾಕಿ ನಾವೂ ಸಾರು ಮಾಡಿ ಉಣ್ಣುವ ಅದೇ ಹುರುಳಿ. ಕಾಳಿನಲ್ಲಿರುವ ಎಣ್ಣೆಯ ಅಂಶದಲ್ಲಿ ಆ ಗುಣವಿದೆ ಎಂಬುದು ಅವರ ಊಹೆಯಾಗಿತ್ತು. ಎಚ್. ಪೈಲೋರಿ ಪತ್ತೆಯಾದ ಮೇಲೂ ಅವರು ತಮ್ಮ ಪ್ರಶ್ನೆಯನ್ನು ಬಿಡಲಿಲ್ಲ: ರೋಗಾಣು ಉತ್ತರದಲ್ಲೂ ಇದೆ, ದಕ್ಷಿಣದಲ್ಲೂ ಇದೆ, ಹುಣ್ಣು ಮಾತ್ರ ಏಕೆ ಒಂದೇ ಸಮನಿಲ್ಲ? ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಹಾಗೇ ಅನ್ವಯಿಸುತ್ತದೆ ಎನ್ನಲಾಗದು. ಹುರುಳಿ ಸಾರು ಉಂಡು ಹುಣ್ಣು ವಾಸಿ ಮಾಡಿಕೊಳ್ಳುತ್ತೇವೆಂದು ಯಾರೂ ಮಾತ್ರೆ ಬಿಡಬಾರದು. ಆದರೆ ನಯವಾಗಿ ಪಾಲಿಶ್ ಮಾಡಿದ ಅಕ್ಕಿಯನ್ನೇ ಮೂರು ಹೊತ್ತು ಉಂಡು, ಮನೆಯ ರಾಗಿ ಹುರುಳಿಯನ್ನು ಬಡವರ ಊಟವೆಂದು ಮಕ್ಕಳಿಂದ ದೂರವಿಟ್ಟವರು ಒಮ್ಮೆ ಯೋಚಿಸುವುದಕ್ಕೆ ಅಷ್ಟು ಸಾಕು. ಗುಲಾಬಿಗೂ ಟೊಮ್ಯಾಟೊಗೂ ಹೊಲ ಬಿಟ್ಟವರು ಬದುವಿನ ಪಕ್ಕ ನಾಲ್ಕು ಸಾಲು ಹುರುಳಿ ಹಾಕಲಾರರೇ?

ಇನ್ನು ಮಾತ್ರೆಯನ್ನು ಬಿಡದೆ ವರ್ಷಾನುಗಟ್ಟಲೆ ನುಂಗುವವರಿಗೆ. ಮೋಟಾರು ಕಟ್ಟುವ ಮಾತ್ರೆಗಳನ್ನು ಬಹುಕಾಲ ತಿಂದರೆ ಮೈಯಲ್ಲಿ ಬಿ-12 ಜೀವಸತ್ವ, ಮೆಗ್ನೀಷಿಯಂ ಕಡಿಮೆಯಾಗಬಹುದು, ಮೂಳೆ ಮುರಿಯುವ ಸಂಭವ ಸ್ವಲ್ಪ ಹೆಚ್ಚುತ್ತದೆ, ಕರುಳಿನ ಸೋಂಕುಗಳೂ ಹೆಚ್ಚು. ಬಾಗಿಲ ಕಾವಲುಗಾರನನ್ನು ಮಲಗಿಸಿದರೆ ಇನ್ನೇನಾದೀತು? ಮಾತ್ರೆಯ ಹೆಸರಿನ ಕೊನೆಗೆ 'ಡಿ' ಎಂದಿದ್ದರೆ ಅದರಲ್ಲಿ ಸಾಮಾನ್ಯವಾಗಿ ಡೊಂಪೆರಿಡೋನ್ ಸೇರಿರುತ್ತದೆ. ಅದು ವಾಂತಿ ತಡೆಯುವ ಔಷಧಿ, ಕೆಲವರಲ್ಲಿ ಹೃದಯದ ಬಡಿತವನ್ನು ತಪ್ಪಿಸಬಲ್ಲದು. ಸುಮ್ಮನೆ ದಿನಾ ತಿನ್ನುವ ಮಾತ್ರೆಯಲ್ಲ ಅದು. ರಾನಿಟಿಡಿನ್ನಿನಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಷ ಉಂಟಾಗುತ್ತದೆಂದು 2019ರಲ್ಲಿ ಗೊತ್ತಾಗಿ, 2020ರ ಏಪ್ರಿಲ್‌ನಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು. ಭಾರತದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ಅದನ್ನು 2022ರಲ್ಲಿ ಕೈಬಿಟ್ಟರು. ಮನೆಯಲ್ಲಿ ಹಳೆಯ ಪಟ್ಟಿಗಳಿದ್ದರೆ ಬೇರೆ ಯಾವುದು ಆದೀತೆಂದು ವೈದ್ಯರನ್ನು ಕೇಳಿ.

ಬಹುಕಾಲ ತಿಂದವರು ಥಟ್ಟನೆ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. ಕಟ್ಟೆ ಒಡೆದ ನೀರಿನ ಹಾಗೆ. ಅದನ್ನು ಕಂಡು 'ನನಗೆ ಮಾತ್ರೆ ಇಲ್ಲದೆ ಆಗುವುದೇ ಇಲ್ಲ' ಎಂದು ಮತ್ತೆ ಅಂಗಡಿಗೆ ಓಡುವವರೇ ಹೆಚ್ಚು. ವೈದ್ಯರಿಗೆ ಹೇಳಿ ದಿನ ಬಿಟ್ಟು ದಿನ ಮಾಡುತ್ತಾ, ನಡುವೆ ಉರಿದರೆ ದ್ರವದ ಔಷಧಿ ಕುಡಿಯುತ್ತಾ ಇಳಿಸಿಕೊಂಡು ಬರಬೇಕು. ರಕ್ತಸ್ರಾವವಾಗಿ ಉಳಿದವರು, ಹೃದಯದ ಔಷಧಿಯಲ್ಲಿರುವವರು ಮಾತ್ರ ತಾವಾಗಿ ನಿಲ್ಲಿಸಬಾರದು.

ರೋಗಾಣುವಿನ ಪರೀಕ್ಷೆ ಮಾಡಿಸುವವರು ತಿಳಿದಿರಬೇಕಾದ ಒಂದು ವಿಷಯ ಉಳಿಯಿತು. ಎಚ್. ಪೈಲೋರಿಯನ್ನು ಉಸಿರಿನಿಂದ, ಮಲದಿಂದ ಅಥವಾ ಎಂಡೋಸ್ಕೋಪಿಯಲ್ಲಿ ತೆಗೆದ ತುಣುಕಿನಿಂದ ಕಂಡುಹಿಡಿಯುತ್ತಾರೆ. ಒಮೆಪ್ರಜಾಲ್, ಪ್ಯಾಂಟೊಪ್ರಜಾಲ್ ತಿನ್ನುತ್ತಿದ್ದರೆ ರೋಗಾಣು ಅಡಗಿಕೊಂಡು ಪರೀಕ್ಷೆ 'ಇಲ್ಲ' ಎಂದು ತೋರಿಸಬಹುದು. ವೈದ್ಯರ ಒಪ್ಪಿಗೆ ಪಡೆದು ಪರೀಕ್ಷೆಗೆ ಎರಡು ವಾರ ಮೊದಲು ಆ ಮಾತ್ರೆಯನ್ನು ನಿಲ್ಲಿಸಬೇಕು. ಚಿಕಿತ್ಸೆ ಮುಗಿದು ನಾಲ್ಕು ವಾರವಾದ ಮೇಲೆ ರೋಗಾಣು ಹೋಯಿತೇ ಎಂದು ಮತ್ತೊಮ್ಮೆ ನೋಡಿಸಬೇಕು. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆ ಪಟ್ಟಿಗಳನ್ನೆಲ್ಲ, ಮಂಡಿನೋವಿಗೆಂದು ಅಂಗಡಿಯವರು ಕಾಗದದಲ್ಲಿ ಕಟ್ಟಿಕೊಟ್ಟ ಬಿಡಿ ಮಾತ್ರೆಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.